ಕೂಗಳತೆ

ಅಂದಿಯೂರಿನಿಂದ ಹತ್ತಿದ ಬಸ್ಸು
ತಿರುವಿನ ಮೇಲೆ ತಿರುವು ತಿರುಗಿ
ನನ್ನನ್ನೂ ಒಂದು ಮೂಟೆ ಹಿಂಡಿಯನ್ನೂ
ತಾಮರೆಕರೆಯಲ್ಲಿ ಇಳಿಸಿ
ಬರಗೂರಿನ ಕಡೆಗೆ ಹೋಯಿತು.

ವಸತಿಗೃಹದ ದಪ್ಪ ಪುಸ್ತಕದಲ್ಲಿ
ಹೆಸರು: ಚಂಪಕವಲ್ಲಿ. ಊರು: ತಾಳವಾಡಿ.
ಬಂದ ಉದ್ದೇಶ?
ಕೇಳಿದ್ದು ತಮಿಳಿನಲ್ಲಿ, ಬರೆದದ್ದು ಕನ್ನಡದಲ್ಲಿ: ನಡೆಯಲು.
ಬರೆಯದೆ ಬಿಟ್ಟದ್ದು: ಮಾತಾಡದಿರಲು.

ಮೂವತ್ತೊಂದು ವರ್ಷ ಮಗ್ಗಿ ಹೇಳಿಸಿ,
ತಗಡಿನ ಸೂರಿನ ಮೇಲೆ ಬೀಳುವ ಮಳೆಗಿಂತ
ಒಂದು ಪಟ್ಟು ಮೇಲೆ ಕೂಗಿ ಕೂಗಿ
ಗಂಟಲಲ್ಲಿ ಗಂಟು.
ಈರೋಡಿನ ಡಾಕ್ಟರು ಕತ್ತರಿಸಿ ತೆಗೆದರು,
ಜೊತೆಗೆ ಇನ್ನೇನೋ ಹೋಯಿತು.
ಉಳಿದದ್ದು
ಮೊರದಲ್ಲಿ ರಾಗಿ ಕೇರುವಂಥ ಸದ್ದು.

ಜಗಲಿಯ ಗೋಡೆಗೆ ಹಲಗೆ:
ಕಾಡಿನಲ್ಲಿ ಗದ್ದಲ ಮಾಡಬಾರದು.
ಓದಿ ನಗು ಬಂತು. ಕೊನೆಗೂ
ಒಂದು ಕಡೆ ಜಾಣ ವಿದ್ಯಾರ್ಥಿ ನಾನು.

ಬೆಳಿಗ್ಗೆ ಕೊಯಮತ್ತೂರಿನ ಮೂವರು ಹುಡುಗರು
ಹಗ್ಗ, ಹೆಲ್ಮೆಟ್ಟು, ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿ ನಿಂತರು.
ನನ್ನ ಬಳಿ ಕ್ಯಾನ್ವಾಸ್ ಬೂಟು, ಒಂದು ಕೊಡೆ.
ದಾರಿ ತೋರಿಸಲು ಬಂದವಳು ಜಡೆಮಾದಿ,
ಸೋಲಿಗರ ಹೆಂಗಸು, ಕಾಲಲ್ಲಿ ಹವಾಯಿ ಚಪ್ಪಲಿ,
ಮುತ್ತುಗದ ಎಲೆಯಲ್ಲಿ ನಾಲ್ಕು ರೊಟ್ಟಿ.

ಮೇಲಿನ ದನದ ಪಟ್ಟಿ ಎಷ್ಟು ದೂರ? ಹುಡುಗರು ಕೇಳಿದರು.
'ಮೂರು ಕೂಗಳತೆ ಕನಪ್ಪ.'
ಅವರು ಫೋನಿನಲ್ಲಿ ಹುಡುಕಿದರು.
ನನಗೆ ಗೊತ್ತಿತ್ತು. ಐದನೇ ತರಗತಿ, ಪದಗಳ ಅರ್ಥ.
ಕೂಗಳತೆ: ಕೂಗಿದರೆ ಕೇಳಿಸುವಷ್ಟು ದೂರ.
ಕೆಂಪು ಶಾಯಿಯಲ್ಲಿ ಎಷ್ಟು ನೂರು ಸಲ ಸರಿ ಹಾಕಿದ್ದೇನೋ!
ಯಾರ ಕೂಗು, ಮಿಸ್, ಎಂದು
ಒಂದು ಮಗುವೂ ಎದ್ದು ಕೇಳಿರಲಿಲ್ಲ.

ಹುಡುಗರು ಮುಂದೆ ನಡೆದುಬಿಟ್ಟರು.
'ದಾರಿ ತಪ್ಪಿದ್ರೆ ಅಲ್ಲೇ ನಿಂತ್ಕಂಡು ಕೂ ಅನ್ನಿ, ಬತ್ತೀನಿ.'
ಗಂಟಲು ಮುಟ್ಟಿ ತೋರಿಸಿದೆ.
'ಏನಾರ ಬತ್ತದಲ್ಲ, ಅಷ್ಟನ್ನೇ ಅನ್ನಿ.'
ಅಂದೆ. ಹುಣಸೆ ಮರದ ಕೆಳಗೆ ನಿಲ್ಲಿಸಿ
ಹಿಂದಕ್ಕೆ ಹಿಂದಕ್ಕೆ ನಡೆದಳು, ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಾ
ಕಿವಿಯ ಹಿಂದೆ ಅಂಗೈ ಇಟ್ಟು. ಒಂದು ಕಡೆ ನಿಂತಳು.
'ಹನ್ನೊಂದು ಹೆಜ್ಜೆ. ನಿಮ್ಮ ಕೂಗಳತೆ ಇಷ್ಟು.
ಇದರೊಳಗೇ ನಡೀವ.'

ನಡೆದೆವು. ಹನ್ನೊಂದು ಹೆಜ್ಜೆಯೊಳಗೆ
ಎಷ್ಟೆಲ್ಲ ಹಿಡಿಸುತ್ತದೆ:
ಹಬೆಯಾಡುವ ಆನೆ ಲದ್ದಿ (ಅಲ್ಲಿ ಮಾತ್ರ ಅವಳು ನನ್ನ ಕೈ ಹಿಡಿದಳು),
ಲಾಂಟಾನದ ಮುಳ್ಳಿಗೆ ಸಿಕ್ಕಿದ ಕೊಡೆ,
ಒಗರು ನೆಲ್ಲಿ, ಆಮೇಲೆ ಕುಡಿದ ನೀರಿನ ಸಿಹಿ,
ಅವಳ ಸವೆದ ಹಿಮ್ಮಡಿ,
ಏನೂ ಹೇಳಬೇಕಿಲ್ಲದ ಒಂದು ಇಡೀ ಏರು.

ಪಟ್ಟಿಯಲ್ಲಿ ಗುರುಮಲ್ಲ ಎಂಬ ಮುದುಕ
ಬಾಯಿಗೆ ಅಂಗೈ ಆನಿಸಿ ಕರೆದ.
ಎರಡು ಗುಡ್ಡದಾಚೆಯಿಂದ ಕೆಂಪಿಗೆ ಬಿಳಿ ಎರಚಿದ ದನಗಳು
ಕಾಡನ್ನೇ ತಳ್ಳಿಕೊಂಡು ಬಂದವು.
ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು.
ನನ್ನ ವಿಷಯ ಕೇಳಿ ಅವನು
ಕರುವಿನ ಕೊರಳಿನ ಮರದ ಗಂಟೆ ಬಿಚ್ಚಿ ಕೊಡಲು ಬಂದ.
ಜಡೆಮಾದಿ ತಡೆದಳು:
'ಗಂಟೆ ಕಳೆದೋಗೋ ದನಕ್ಕೆ. ಅವ್ವ ಎಲ್ಲಿಗೆ ಹೋದಾರು?'

ಸಂಜೆ ಹುಡುಗರು ಬರಲಿಲ್ಲ. ಸಿಗ್ನಲ್ಲೂ ಇಲ್ಲ.
ಹಲಗೆಯ ಕೆಳಗೇ ನಿಂತು ಅವಳು ಕೂಗಿದಳು, ಗೇಟು ನಡುಗುವಂತೆ.
ಬಹಳ ಹೊತ್ತಿಗೆ ಮೇಲಿನಿಂದ
ಮೂರು ಎಳೆ ದನಿಗಳು, ಒಂದರ ಮೇಲೊಂದು.
ಟಾರ್ಚು ಹಿಡಿದು ಹೋಗಿ ಕರೆತಂದಳು.
ಅವರಲ್ಲೊಬ್ಬ ಅತ್ತಿದ್ದ. ನಾನು ನೋಡದಂತೆ ಸಾರು ಬಡಿಸಿದೆ.

ರಾತ್ರಿ ಕರೆಂಟು ಹೋಯಿತು.
ಅವಳು ಹೊರಗೆ ಜಗಲಿಯಲ್ಲಿ ಮಲಗಿದ್ದಳು, ನಡುವೆ ಗೋಡೆ.
ಮಾದೀ, ಎಂದೆ, ಸುಮ್ಮನೆ, ಅಳೆದು ನೋಡಲು.
'ಊಂ?'
ಬೇಕಾದದ್ದು ಏನೂ ಇರಲಿಲ್ಲ.
ನೀರು, ಎಂದೆ.
ಕತ್ತಲಲ್ಲಿ ಅವಳ ಹೆಜ್ಜೆ ಎಣಿಸುತ್ತ ಕೂತೆ.
ಏಳಕ್ಕೇ ಬಂದುಬಿಟ್ಟಳು.